ಸದರಿ ಬಿನ್ ಸದರಿ

ಎಂಟು ಸಾಲು ನೋಡಿ ಎಂಟು ಲಕ್ಷ ಸಾಲಿನ ಜಾತಕ ಬರೆಯುವ ಜ್ಯೋತಿಷಿಯೊಬ್ಬ ವಿಂಡೋಸ್ ಗಣಕಗಳ ಒಳಗೆ ಬಹುಕಾಲದಿಂದ ಅಂಗಡಿ ಇಟ್ಟುಕೊಂಡಿದ್ದಾನೆ. ಮೈಕ್ರೋಸಾಫ್ಟ್‌ನವರು ಮೊದಲು ಅವನಿಗೆ ಜೆಟ್ ಎಂದು ಹೆಸರಿಟ್ಟಿದ್ದರು, ಆಮೇಲೆ ಏಸ್ ಎಂದರು. ಎಕ್ಸೆಲ್ ಹಾಳೆಯನ್ನು ಕೋಡ್ ಬರೆದು ಡೇಟಾಬೇಸಿಗೆ ಸುರಿಯಬೇಕಾದ ಎಷ್ಟೋ ಪ್ರೋಗ್ರಾಮರುಗಳು ಇವನ ಬಾಗಿಲು ತಟ್ಟಿದವರೇ. ಇವನ ಶಾಸ್ತ್ರ ಸರಳ. ಪ್ರತಿ ಕಾಲಂನ ಮೊದಲ ಎಂಟು ಸಾಲು ನೋಡುತ್ತಾನೆ. ಅಂಕಿ ಹೆಚ್ಚಿದ್ದರೆ ಇಡೀ ಕಾಲಂ ಅಂಕಿ, ಅಕ್ಷರ ಹೆಚ್ಚಿದ್ದರೆ ಅಕ್ಷರ. ನಾಲ್ಕಕ್ಕೆ ನಾಲ್ಕು ಸಮನಾದರೆ ತೀರ್ಪು ಅಂಕಿಯ ಪರ. ಒಂಬತ್ತನೇ ಸಾಲಿನಿಂದ ಕೆಳಗೆ ಈ ಭವಿಷ್ಯಕ್ಕೆ ಒಪ್ಪದ ಯಾವ ಮನೆ ಎದುರಾದರೂ ಅದು ಖಾಲಿ ಎಂದು ಓದಿ ಮುಂದೆ ನಡೆಯುತ್ತಾನೆ. ಕೂಗಾಟ ಇಲ್ಲ, ಕೆಂಪು ಅಕ್ಷರ ಇಲ್ಲ.

ಬಲ್ಲವರು ಇದಕ್ಕೂ ಶಾಂತಿ ಮಾಡಿಸುವುದನ್ನು ಕಲಿತರು. ರಿಜಿಸ್ಟ್ರಿಗೆ ಹೋಗಿ ಎಂಟನ್ನು ಸೊನ್ನೆ ಮಾಡಿದರೆ ಎಲ್ಲ ಸಾಲು ನೋಡುತ್ತಾನೆ ಎಂದುಕೊಂಡವರಿಗೆ, ಸೊನ್ನೆ ಅಂದರೆ 16,384 ಸಾಲು ಎಂದು ಆಮೇಲೆ ತಿಳಿಯಿತು. ಕೊನೆಗೆ ಹಲವರು ಹಿಡಿದ ದಾರಿ ಇನ್ನೂ ಸುಲಭದ್ದು: ಹಾಳೆಯ ಮೊದಲ ಸಾಲುಗಳಿಗೆ ಸುಳ್ಳು ದಾಖಲೆಗಳನ್ನು ತುರುಕಿ, ಅವನು ನಂಬಿದ ಮೇಲೆ ಅಳಿಸಿಬಿಡುವುದು.

ಇಂಥವನನ್ನು ಕಂಡರೆ ಕಚೇರಿಗಳಿಗೆ ಬಹಳ ಅಕ್ಕರೆ. ಅವನು ಕೆಲಸ ನಿಲ್ಲಿಸುವುದಿಲ್ಲ. ಪರದೆಯ ಮೇಲಿನ ಪಟ್ಟಿ ನೂರು ಮುಟ್ಟುತ್ತದೆ, ಹಸಿರು ಟಿಕ್ ಬೀಳುತ್ತದೆ, 'ಇಂಪೋರ್ಟ್ ಸಕ್ಸೆಸ್‌ಫುಲ್' ಅನ್ನುತ್ತದೆ, ಐದೂವರೆಯ ಬಸ್ಸು ತಪ್ಪುವುದಿಲ್ಲ. ನೆಟ್ಟಗೆ ಕಟ್ಟಿದ ಡೇಟಾಬೇಸ್ ಆದರೆ ಸಾವಿರದ ಚಿಲ್ಲರೆ ಸಾಲು ದಾಟಿದ ಮೇಲೆ ಗಕ್ಕನೆ ನಿಂತು, 'ಹುಟ್ಟಿದ ದಿನಾಂಕದ ಜಾಗದಲ್ಲಿ ಗೊತ್ತಿಲ್ಲ ಎಂದು ಬರೆದಿದೆ, ಏನು ಮಾಡಲಿ' ಎಂದು ಕೇಳುತ್ತದೆ. ಕೇಳಿದ್ದೇ ತಪ್ಪು. ಸಿಸ್ಟಂ ಸರಿಯಿಲ್ಲ, ಸಾಫ್ಟ್‌ವೇರ್ ದಂಡ, ಹೋದ ಸಲದ ಕಂಪನಿಯವರೇ ವಾಸಿ ಇದ್ದರು. ಹೋದ ಸಲದವರ ತಂತ್ರಾಂಶ ಏನನ್ನೂ ಕೇಳುತ್ತಿರಲಿಲ್ಲ. ನಮ್ಮ ದತ್ತಾಂಶ ವ್ಯವಹಾರವೆಲ್ಲ ನಿಂತಿರುವುದು ಈ ಪಕ್ಷಪಾತದ ಮೇಲೆ: ಸುಮ್ಮನೆ ನುಂಗುವವನು ಸಜ್ಜನ, ಬಾಯಿಬಿಟ್ಟು ಕೇಳಿದವನು ತಕರಾರುಗಾರ.

ನುಂಗಲು ಏನೇನು ಇರುತ್ತದೆ ಎಂದು ಒಂದು ಹಾಳೆ ಬಿಡಿಸಿ ನೋಡೋಣ. ಯಾವುದೋ ಒಂದು ತಾಲ್ಲೂಕಿನ ಜಮೀನಿನ ಪಟ್ಟಿ ಅಂತಿಟ್ಟುಕೊಳ್ಳಿ. ಲಕ್ಷ ದಾಟಿದ ಸಾಲು. ಸರ್ವೆ ನಂಬರು, ಹೆಸರು, ತಂದೆ ಅಥವಾ ಗಂಡನ ಹೆಸರು, ವಿಸ್ತೀರ್ಣ, ಮೊಬೈಲು, ಷರಾ.

ಸರ್ವೆ ನಂಬರ್ 12ರ ಒಂದನೇ ಹಿಸ್ಸಾ. ಗುಮಾಸ್ತರು 12/1 ಎಂದು ಟೈಪಿಸಿ ಎಂಟರ್ ಒತ್ತುತ್ತಾರೆ. ಓರೆಗೆರೆ ಕಂಡರೆ ಸಾಕು, ಎಕ್ಸೆಲ್‌ಗೆ ಕ್ಯಾಲೆಂಡರ್ ನೆನಪಾಗುತ್ತದೆ. ಭಾರತದ ಸೆಟ್ಟಿಂಗ್ ಇರುವ ಗಣಕದಲ್ಲಿ ಆ ಜಮೀನು ಜನವರಿ 12. ಪಕ್ಕದ ಮೇಜಿನ ಮೇಲೆ ಅಮೆರಿಕದ ಸೆಟ್ಟಿಂಗನ್ನೇ ಉಳಿಸಿಕೊಂಡಿರುವ ಗಣಕದಲ್ಲಿ ಡಿಸೆಂಬರ್ 1. ಒಳಗೆ ಉಳಿಯುವುದು ಅದೂ ಅಲ್ಲ, ಬರೀ ಒಂದು ಕ್ರಮಸಂಖ್ಯೆ. ಜನವರಿ 12 ಎಂದು ತಿಳಿದುಕೊಂಡ ಗಣಕದಲ್ಲಿ 2024ರಲ್ಲಿ ಟೈಪಿಸಿದ್ದರೆ 45303. ಅದೇ ಹಿಸ್ಸಾವನ್ನು 2025ರಲ್ಲಿ ಟೈಪಿಸಿದ್ದರೆ 45669. ಕೋಡ್ ಎತ್ತಿಕೊಂಡು ಹೋಗಿ ಡೇಟಾಬೇಸಿನಲ್ಲಿ ಇಡುವುದು ಬಹಳ ಸಲ ಈ ಸಂಖ್ಯೆಯನ್ನೇ. ಜಮೀನು ಇದ್ದಲ್ಲೇ ಇದೆ, ಸರ್ವೆ ನಂಬರು ವರ್ಷಕ್ಕೊಮ್ಮೆ ಮುಂದಕ್ಕೆ ಜರುಗುತ್ತಿದೆ. ಒತ್ತುವರಿ ಮಾಡಲು ರಾತ್ರೋರಾತ್ರಿ ಬೇಲಿ ಕೀಳಬೇಕಾಗಿದ್ದ ಕಾಲ ಹೋಯಿತು.

ಆ ಕ್ರಮಸಂಖ್ಯೆಯ ವಂಶಾವಳಿಯೂ ಚೆನ್ನಾಗಿದೆ. 1900ರ ಜನವರಿ 1 ಅದಕ್ಕೆ ಒಂದನೇ ದಿನ. ಎಣಿಸುತ್ತ ಹೋದರೆ ಅರವತ್ತನೆಯದು 1900ರ ಫೆಬ್ರವರಿ 29. ಅಂಥ ದಿನ ಭೂಮಿಯ ಮೇಲೆ ಬೆಳಗಾಗಿಯೇ ಇಲ್ಲ. 1900 ಅಧಿಕ ವರ್ಷವಲ್ಲ. ಮೊದಲು ತಪ್ಪಿದ್ದು 1983ರಲ್ಲಿ ಬಂದ ಲೋಟಸ್ 1-2-3. ಅದರ ಗಿರಾಕಿಗಳನ್ನು ತನ್ನ ಕಡೆ ಎಳೆದುಕೊಳ್ಳಬೇಕಿದ್ದ ಎಕ್ಸೆಲ್, ಗಿರಾಕಿಗಳ ಜೊತೆ ತಪ್ಪನ್ನೂ ಬರಮಾಡಿಕೊಂಡಿತು. ಹೊಂದಾಣಿಕೆ ಇರಬೇಕಲ್ಲ. ಲೋಟಸ್ ಅಂಗಡಿ ಮುಚ್ಚಿಹೋಗಿದೆ, ಅದರ ಇಲ್ಲದ ದಿನ ಇನ್ನೂ ಇದೆ. ಪೈಥಾನಿನಲ್ಲಿ ಈ ಸಂಖ್ಯೆಯನ್ನು ದಿನಾಂಕ ಮಾಡುವ ಹುಡುಗರು ಇವತ್ತಿಗೂ ಎಣಿಕೆಯನ್ನು 1899ರ ಡಿಸೆಂಬರ್ 30ರಿಂದ ಶುರುಮಾಡುತ್ತಾರೆ. ಯಾಕೆ ಎಂದು ಕೇಳಿದರೆ, 'ಹಾಗೆ ಮಾಡಿದ್ರೆ ಸರಿಹೋಗುತ್ತೆ ಸಾರ್'.

ವಿಸ್ತೀರ್ಣದ ಕಾಲಂ ಇದಕ್ಕಿಂತ ಸೊಗಸು. ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2.20 ಎಂದು ಬರೆದುಬಿಡುವುದುಂಟು. ಎಕರೆಗೆ ನಲವತ್ತು ಗುಂಟೆ ಎಂದು ಹಾಳೆ ನೋಡುವ ಎಲ್ಲರಿಗೂ ಗೊತ್ತು, ಎಕ್ಸೆಲ್‌ಗೆ ಗೊತ್ತಿಲ್ಲ, ಡೇಟಾಬೇಸಿನ ಡೆಸಿಮಲ್ ಕಾಲಂಗೂ ಗೊತ್ತಿಲ್ಲ. ಅಣ್ಣನದು 2.20, ತಮ್ಮನದು 2.20, ಕೂಡಿದರೆ ಐದು ಎಕರೆ ಆಗಬೇಕಾದದ್ದು 4.40 ಆಗುತ್ತದೆ. ಅದಕ್ಕೂ ಮೊದಲೇ, ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಎಕ್ಸೆಲ್ ಅದನ್ನು 2.2 ಮಾಡಿ ಇಟ್ಟಿರುತ್ತದೆ. ಎರಡು ಎಕರೆ ಎರಡು ಗುಂಟೆಯವನನ್ನು 2.2 ಎಂದು ಬರೆದಿದ್ದರೆ ಅವನೂ ಇಪ್ಪತ್ತು ಗುಂಟೆಯವನೂ ಈಗ ಸರಿಸಮಾನರು. ಮೂರು ತಲೆಮಾರು ಕೋರ್ಟಿಗೆ ಅಲೆದರೂ ಮುಗಿಯದ ಪಾಲುಪಟ್ಟಿ ಒಂದು ದಶಮಾಂಶ ಬಿಂದುವಿನಲ್ಲಿ ಮುಗಿದುಹೋಯಿತು.

ಇನ್ನು ಹೆಸರುಗಳು. ನಾಲ್ವರು ಅಣ್ಣತಮ್ಮಂದಿರಿಗೆ ತಂದೆಯ ಹೆಸರನ್ನು ನಾಲ್ಕು ಸಲ ಬರೆಯುವುದು ದಂಡ ಎಂದು ಹಿರಿಯವನ ಎದುರು ಬರೆದು ಉಳಿದ ಮೂವರಿಗೆ 'ಸದರಿ' ಹಾಕುವುದು ಕಾಗದದ ಕಾಲದಿಂದ ಬಂದ ಪದ್ಧತಿ. ಒಬ್ಬನಿಗೇ ಎರಡು ಮೂರು ಸರ್ವೆ ನಂಬರಿದ್ದರೆ ಹೆಸರಿನ ಕಾಲಂಗೂ ಸದರಿ. ಕೋಡ್ ಇದನ್ನು ಭಯಭಕ್ತಿಯಿಂದ ಓದಿ ಹಾಗೇ ಇಡುತ್ತದೆ. ಆಮೇಲೆ ಡೇಟಾಬೇಸನ್ನು ಕೇಳಿದರೆ ತಾಲ್ಲೂಕಿನಲ್ಲಿ ಅತಿ ಹೆಚ್ಚು ಜನರಿಗಿರುವ ಹೆಸರು ಸದರಿ. ಅವರಲ್ಲಿ ಬಹುಮಂದಿ ಸದರಿ ಬಿನ್ ಸದರಿ, ಅಲ್ಲಲ್ಲಿ ಕೆಲವರು ಸದರಿ ಕೋಂ ಸದರಿ. ಆಮದಿಗೆ ಮೊದಲು ಯಾರೋ ಉತ್ಸಾಹಿಗಳು ಹಾಳೆಯನ್ನು ಅಕಾರಾದಿಯಾಗಿ ಜೋಡಿಸಿಟ್ಟಿದ್ದರಂತೂ ಪ್ರತಿಯೊಬ್ಬ ಸದರಿಗೂ ಹೊಸ ಅಪ್ಪ.

ಆದರೂ ಸದರಿ ದೊಡ್ಡ ಹಿಡುವಳಿದಾರನಲ್ಲ. ಆ ಪಟ್ಟ 'ಒಟ್ಟು' ಎಂಬ ಮಹಾಶಯನಿಗೆ ಸಲ್ಲಬೇಕು. ಪ್ರತಿ ಹಳ್ಳಿಯ ಪಟ್ಟಿಯ ಬುಡದಲ್ಲಿ ಇವನಿದ್ದಾನೆ. ಹೆಸರಿನ ಕಾಲಂನಲ್ಲಿ ಒಟ್ಟು, ವಿಸ್ತೀರ್ಣದಲ್ಲಿ ಇಡೀ ಹಳ್ಳಿ. ತಂದೆಯಿಲ್ಲ, ಮೊಬೈಲಿಲ್ಲ, ಊರೂರಿನಲ್ಲಿ ಜಮೀನಿದೆ. ದೇವರಾಜ ಅರಸರ 1974ರ ಭೂಸುಧಾರಣೆಗೂ ಸಿಗದೆ ಉಳಿದ ಭೂಮಾಲೀಕ.

ಷರಾ ಕಾಲಂ ಖಾಲಿ. ಷರಾ ಎಲ್ಲ ಬಣ್ಣದಲ್ಲಿದೆ. ಹಳದಿ ಬಳಿದದ್ದು ಪರಿಶೀಲನೆ ಬಾಕಿ, ಗುಲಾಬಿ ತಕರಾರಿನದು, ಬೂದು ಬಣ್ಣದವರು ತೀರಿಕೊಂಡವರು. ತಿಳಿಹಸಿರು ಏನೆಂದು ಗೊತ್ತಿದ್ದವರು ವರ್ಗವಾಗಿ ಹೋಗಿದ್ದಾರೆ. ಆಮದು ಮಾಡುವ ಕೋಡ್ ಸಾಮಾನ್ಯವಾಗಿ ಮನೆಯೊಳಗೆ ಏನಿದೆ ಎಂದು ನೋಡುತ್ತದೆ, ಗೋಡೆಯ ಬಣ್ಣ ನೋಡುವುದಿಲ್ಲ. ಹಾಗಾಗಿ ತೀರಿಕೊಂಡವರೆಲ್ಲ ಒಂದೇ ರಾತ್ರಿಯಲ್ಲಿ ಎದ್ದು ಕೂತು ಫಲಾನುಭವಿಗಳಾಗುತ್ತಾರೆ. ಮರ್ಜ್ ಮಾಡಿದ ಮನೆಗಳ ಗತಿಯೂ ಇದೇ. ಹದಿನೈದು ಸಾಲಿನುದ್ದಕ್ಕೂ ಹಬ್ಬಿ ನಿಂತ ಊರಿನ ಹೆಸರು ನಮ್ಮ ಕಣ್ಣಿಗೆ ಹದಿನೈದು ಕುಟುಂಬಕ್ಕೂ ಸೇರಿದ್ದು. ಕೋಡಿಗೆ ಕಾಣುವುದು ಮೊದಲ ಸಾಲಿನಲ್ಲಿ ಮಾತ್ರ. ಉಳಿದ ಹದಿನಾಲ್ಕು ಕುಟುಂಬ ಊರುಗೆಟ್ಟವು.

ಇದರಲ್ಲಿ ಗುಮಾಸ್ತರನ್ನು ಬೈಯುವ ಚಾಳಿ ಗಣಕದವರಿಗಿದೆ. ಅದು ಅನ್ಯಾಯ. ಅವರು ಹಾಳೆ ಮಾಡಿದ್ದು ಓದುವವರಿಗೆ ಎರಡು ಕಣ್ಣು, ಒಂದು ತಲೆ, ಊರಿನ ಪರಿಚಯ ಇರುತ್ತದೆ ಎಂಬ ಭರವಸೆಯಿಂದ. ನಡುವೆ ಒಂದು ಪ್ರೋಗ್ರಾಂ ಬಂದು ಕೂರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪ್ರೋಗ್ರಾಂ ಬರೆದವನಿಗೂ ಗುಮಾಸ್ತರು ಇದ್ದಾರೆ ಎಂದು ಯಾರೂ ಹೇಳಿರುವುದಿಲ್ಲ. ಇಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸಿದರೆ ಅರ್ಧ ದಿನದಲ್ಲಿ ತೀರುವ ಮಾತು. ಆದರೆ ಸಭೆಗೆ ಹೋಗುವವರು ಇಬ್ಬರ ಮೇಲಿನವರು.

ಆ ಸಭೆಯಲ್ಲಿ ಬರುವ ಪ್ರಶ್ನೆ ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದೊಂದೇ. ಪ್ರೋಗ್ರಾಮರನ ಜಾಣ್ಮೆಯೂ ಪೂರಾ ಅದರಲ್ಲೇ ಖರ್ಚಾಗುತ್ತದೆ. ಸಾಲಿಗೊಂದು ಇನ್ಸರ್ಟ್ ಬರೆದರೆ ಗಂಟೆಗಟ್ಟಲೆ, ಕಟ್ಟು ಕಟ್ಟಾಗಿ ಒಂದೇ ವಹಿವಾಟಿನಲ್ಲಿ ಕಳಿಸಿದರೆ ಕೆಲವೇ ನಿಮಿಷ. ಹೊಸ ಎಕ್ಸೆಲ್ ಫೈಲು ನಿಜಕ್ಕೂ ಎಕ್ಸ್‌ಎಂಎಲ್ ತುಂಬಿದ ಜಿಪ್ ಗಂಟು. ಹೊರಗೆ ಪುಟ್ಟದಾಗಿ ಕಂಡರೂ ಒಮ್ಮೆಲೇ ಬಿಚ್ಚಿದರೆ ಸರ್ವರಿನ ಮೆಮೊರಿಯೆಲ್ಲ ಅದರದೇ. ಆದ್ದರಿಂದ ಸಾಲು ಸಾಲಾಗಿ ಎಳೆದುಕೊಳ್ಳಬೇಕು. ಜಾವಾದವರು ಬಳಸುವ ಅಪಾಚೆ ಪಿಒಐ ಲೈಬ್ರರಿಯಲ್ಲಿ ಹಳೆಯ ಎಕ್ಸೆಲ್ ಓದುವ ಭಾಗಕ್ಕೆ ಅದನ್ನು ಬರೆದವರು 'ಹಾರಿಬಲ್ ಸ್ಪ್ರೆಡ್‌ಶೀಟ್ ಫಾರ್ಮ್ಯಾಟ್' ಎಂದೇ ನಾಮಕರಣ ಮಾಡಿದ್ದರು. ಪಾಪ, ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದಿದೆ. ಇಷ್ಟೆಲ್ಲ ಸಾಹಸ ಮಾಡಿ ಎರಡು ಗಂಟೆಯ ಕೆಲಸವನ್ನು ನಾಲ್ಕು ನಿಮಿಷಕ್ಕೆ ಇಳಿಸಿದವನಿಗೆ ಚಪ್ಪಾಳೆ ಬೀಳುತ್ತದೆ. ಹೊರಟ ಸಾಲೆಷ್ಟು, ಮುಟ್ಟಿದ ಸಾಲೆಷ್ಟು ಎಂದು ಕೇಳಿದವನಿಗೆ ಚಹಾ ತಣ್ಣಗಾಗುತ್ತದೆ.

ಎಣಿಸದಿದ್ದರೆ ಏನಾಗುತ್ತದೆಂದು ಜಗತ್ತಿಗೇ ತೋರಿಸಿಕೊಟ್ಟ ಕೀರ್ತಿ ಇಂಗ್ಲೆಂಡಿನದು. 2020ರ ಸೆಪ್ಟೆಂಬರ್ ಕೊನೆ, ಕೋವಿಡ್ ಮತ್ತೆ ಏರುತ್ತಿದ್ದ ಹೊತ್ತು. ಪ್ರಯೋಗಾಲಯಗಳು ಪಾಸಿಟಿವ್ ಬಂದವರ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಕಳಿಸುತ್ತಿದ್ದವು. ಅದಕ್ಕೆ ಸಾಲಿನ ಮಿತಿಯಿಲ್ಲ. ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆಯಲ್ಲಿ ಒಂದು ಸ್ವಯಂಚಾಲಿತ ಪ್ರಕ್ರಿಯೆ ಅದನ್ನು ಎತ್ತಿ ಎಕ್ಸೆಲ್‌ನ ಹಳೇ ಎಕ್ಸ್‌ಎಲ್‌ಎಸ್ ಟೆಂಪ್ಲೇಟಿಗೆ ಹಾಕಿ, ಅಲ್ಲಿಂದ ಕೇಂದ್ರ ವ್ಯವಸ್ಥೆಗೆ ಸಾಗಿಸುತ್ತಿತ್ತು. ಹಳೇ ಹಾಳೆಗೆ ಹಿಡಿಸುವುದು 65,536 ಸಾಲು. 2007ರ ಎಕ್ಸೆಲ್ ತಂದ ಹೊಸ ರೂಪಕ್ಕೆ 10,48,576. ಹದಿಮೂರು ವರ್ಷ ಕಳೆದರೂ ಆ ಹೊಸತು ಅಲ್ಲಿಗೆ ಬಂದು ಸೇರಿರಲಿಲ್ಲ. ಒಬ್ಬ ರೋಗಿಗೆ ಹಲವು ಸಾಲು ಬೇಕಾಗುತ್ತಿದ್ದರಿಂದ ಒಂದು ಟೆಂಪ್ಲೇಟಿನಲ್ಲಿ ಸುಮಾರು 1,400 ಮಂದಿಗಷ್ಟೇ ಜಾಗ. ಮಿಕ್ಕವರು ಹಾಳೆಯ ಅಂಚಿನಿಂದ ಕೆಳಗೆ. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಹೀಗೆ ಬಿದ್ದುಹೋದವರು 15,841 ಮಂದಿ. ತಮಗೆ ಸೋಂಕಿದೆ ಎಂದು ಅವರಿಗೆ ತಿಳಿದಿತ್ತು. ಅವರ ಜೊತೆ ಕೂತವರನ್ನು, ಉಂಡವರನ್ನು ಹುಡುಕಿ ಎಚ್ಚರಿಸಬೇಕಿದ್ದವರಿಗೆ ತಿಳಿದಿರಲಿಲ್ಲ.

ದಿನದಿನದ ಪ್ರಕಟಣೆಯಲ್ಲಿ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತಿತ್ತು. ಕಡಿಮೆ ಅಂಕಿಯನ್ನು ಅನುಮಾನದಿಂದ ನೋಡುವ ಸರ್ಕಾರ ಯಾವ ದೇಶದಲ್ಲಿದೆ? ಗುಟ್ಟು ಬಯಲಾದ ಮೇಲೆ ತಕ್ಷಣಕ್ಕೆ ಮಾಡಿದ ಚಿಕಿತ್ಸೆ ಎಂದರೆ ದೊಡ್ಡ ಫೈಲನ್ನು ಚಿಕ್ಕ ಚಿಕ್ಕದಾಗಿ ಒಡೆದು ಹಾಕಿದ್ದು. ಆರೋಗ್ಯ ಸಚಿವ ಮ್ಯಾಟ್ ಹ್ಯಾನ್‌ಕಾಕ್ ಸಂಸತ್ತಿಗೆ ಬಂದು ಅದು ಹಳೆಯ ವ್ಯವಸ್ಥೆ ಎಂದು ವಿವರಿಸಿದರು. ಸಾಂಕ್ರಾಮಿಕಕ್ಕೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ವ್ಯವಸ್ಥೆ ಮಾತ್ರ ಆಗಲೇ ಮುಪ್ಪಾಗಿತ್ತು. ಆಮೇಲೆ ಇಬ್ಬರು ಅರ್ಥಶಾಸ್ತ್ರಜ್ಞರು ಈ ಎಡವಟ್ಟನ್ನೇ ಒಂದು ಪ್ರಯೋಗವೆಂದು ಹಿಡಿದು, ಸಂಪರ್ಕದಲ್ಲಿದ್ದವರನ್ನು ಪತ್ತೆಮಾಡಿದರೆ ಸೋಂಕು ತಗ್ಗುತ್ತದೆಯೇ ಎಂದು ಲೆಕ್ಕ ಹಾಕಿದರು. ತಗ್ಗುತ್ತದೆ ಎಂದು ಖಚಿತವಾಯಿತು. ಪ್ರಯೋಗಕ್ಕೆ ಒಳಗಾದವರ ಒಪ್ಪಿಗೆ ಪತ್ರವನ್ನು ಯಾವ ಕಾಲಂನಲ್ಲಿ ಹುಡುಕಬೇಕೋ.

ಡೇಟಾಬೇಸುಗಳಾದರೂ ಗಟ್ಟಿ ನಿಂತವೇ ಎಂದರೆ, ಎಲ್ಲವೂ ನಿಲ್ಲಲಿಲ್ಲ. ಮೈಎಸ್‌ಕ್ಯೂಎಲ್ ಬಹಳ ಸೌಜನ್ಯವಂತ. 2015ರಲ್ಲಿ 5.7ನೇ ಆವೃತ್ತಿ ಬರುವ ತನಕ ಅದಕ್ಕೆ ಕಟ್ಟುನಿಟ್ಟು ತಾನಾಗಿ ಇರುತ್ತಿರಲಿಲ್ಲ, ನಾವಾಗಿ ಕಲಿಸಬೇಕಿತ್ತು. ಹೆಸರು ಉದ್ದವಾದರೆ ಬಾಲ ಕತ್ತರಿಸಿ ಒಳಗೆ ಕರೆದುಕೊಳ್ಳುತ್ತಿತ್ತು. ದಿನಾಂಕಕ್ಕೆ ತಲೆಬುಡ ಇಲ್ಲದಿದ್ದರೆ ಸೊನ್ನೆಗಳ ದಿನಾಂಕವೊಂದನ್ನು ಕೊಡುತ್ತಿತ್ತು. ಇಂಟ್ ಕಾಲಂಗೆ ಹಿಡಿಸದ ಸಂಖ್ಯೆ ಬಂದರೆ ಹಿಡಿಸುವಷ್ಟರಲ್ಲಿ ದೊಡ್ಡದನ್ನು, ಅಂದರೆ 2147483647ನ್ನು, ಬರೆದುಕೊಳ್ಳುತ್ತಿತ್ತು. ನಮ್ಮ ದೇಶದ ಮೊಬೈಲ್ ನಂಬರುಗಳು 6, 7, 8, 9ರಿಂದ ಶುರುವಾಗುವ ಹತ್ತಂಕಿಯವು. ಒಂದೂ ಅಲ್ಲಿ ಹಿಡಿಸುವುದಿಲ್ಲ. ಮೊಬೈಲ್ ಕಾಲಂ ಇಂಟ್ ಇರಲಿ ಎಂದ ಪುಣ್ಯಾತ್ಮರ ಕೋಷ್ಟಕದಲ್ಲಿ ಊರಿಗೆಲ್ಲ ಒಂದೇ ಫೋನು. ಎಚ್ಚರಿಕೆಯನ್ನು ಬರೆದಿಡುತ್ತಿತ್ತು, ಇಲ್ಲವೆನ್ನುವಂತಿಲ್ಲ. ಹೋಗಿ ಕೇಳಿದವರಿಗೆ ಓದಿ ಹೇಳುತ್ತಿತ್ತು.

ಪೋಸ್ಟ್‌ಗ್ರೆಸ್ ಹಟಮಾರಿ. ಅದರ ಕಾಪಿ ಆಜ್ಞೆಗೆ ಹತ್ತು ಲಕ್ಷ ಸಾಲು ಕೊಟ್ಟು ಒಂದರಲ್ಲಿ ಎಡವಿದರೂ ಹತ್ತು ಲಕ್ಷವನ್ನೂ ವಾಪಸು ಕಳಿಸುತ್ತಿತ್ತು. 2024ರ 17ನೇ ಆವೃತ್ತಿಯಲ್ಲಿ, ಹೇಳಿದರೆ ಮಾತ್ರ, ರೂಪ ಕೂಡದ ಸಾಲುಗಳನ್ನು ಬಿಟ್ಟು ಮುಂದೆ ಹೋಗುವ ಆಯ್ಕೆ ಬಂತು. ಎಷ್ಟು ಬಿಟ್ಟೆ ಎಂದು ಕೊನೆಗೆ ಹೇಳುತ್ತದೆ; ಅಷ್ಟರಮಟ್ಟಿಗೆ ಮಾನ ಉಳಿಸಿಕೊಂಡಿದೆ. ಡೇಟಾಬೇಸ್ ಎಷ್ಟೇ ಗಟ್ಟಿ ಇದ್ದರೂ ಅದರ ಬಾಯಿ ಮುಚ್ಚಿಸುವ ವಿದ್ಯೆ ಪ್ರೋಗ್ರಾಮರನ ಬಳಿ ಇದ್ದೇ ಇದೆ. ಎಲ್ಲ ಕಾಲಂಗಳನ್ನೂ 255 ಅಕ್ಷರದ ಪಠ್ಯ ಮಾಡಿ, ಕಡ್ಡಾಯ ಎಂಬುದನ್ನೆಲ್ಲ ತೆಗೆದು, ಎರರ್ ಹಿಡಿಯುವ ಜಾಗವನ್ನು ಖಾಲಿ ಬಿಟ್ಟರೆ ಆಯಿತು. ಮ್ಯಾನೇಜರ್ ಹೇಳಿದ್ದು ಎರರ್ ಬರಬಾರದು ಎಂದು. ತಪ್ಪಿರಬಾರದು ಎಂದು ಅವರು ಹೇಳಿಲ್ಲ.

ಸರಿದಾರಿ ಯಾರಿಗೂ ತಿಳಿಯದ ಬ್ರಹ್ಮವಿದ್ಯೆಯೇನಲ್ಲ. ಮೊದಲು ಬಂದದ್ದನ್ನು ಬಂದ ಹಾಗೆ ಒಂದು ಕಚ್ಚಾ ಕೋಷ್ಟಕಕ್ಕೆ ಇಳಿಸಬೇಕು, ಅಲ್ಲಿ ತಪಾಸಣೆ ಮಾಡಬೇಕು, ಪಾಸಾದವರನ್ನು ಒಳಗೆ ಬಿಟ್ಟು ಉಳಿದವರನ್ನು ಕಾರಣ ಸಮೇತ ಹೊರಗೆ ಕೂರಿಸಬೇಕು, ಎರಡೂ ಕೂಡಿ ಮೊದಲಿನ ಲೆಕ್ಕಕ್ಕೆ ತಾಳೆಯಾಗಬೇಕು. ತೊಂದರೆ ಬರುವುದು ಆಮೇಲೆ. ಹೊರಗೆ ಕೂತವರ ಬಗ್ಗೆ ಯಾರಾದರೂ ಒಬ್ಬರು ಉತ್ತರ ಹೇಳಬೇಕಾಗುತ್ತದೆ, ಉತ್ತರದ ಕೆಳಗೆ ಸಹಿ ಹಾಕಬೇಕಾಗುತ್ತದೆ.

ಸಹಿಯ ಭಯ ಇಲ್ಲದ ವಿಜ್ಞಾನಿಗಳೂ ಕೊನೆಗೆ ಶರಣಾದರು. ಮನುಷ್ಯನ ಕೆಲವು ವಂಶವಾಹಿಗಳಿಗೆ ಮಾರ್ಚ್1, ಸೆಪ್ಟ್1 ಎಂಬಂಥ ಹೆಸರುಗಳಿದ್ದವು. ಎಕ್ಸೆಲ್ ಅವನ್ನೆಲ್ಲ ತಾರೀಖು ಮಾಡುತ್ತಿತ್ತು. 2020ರಲ್ಲಿ ಹೆಸರಿಡುವ ಸಮಿತಿಯವರು ಮಾರ್ಚ್‌ಎಫ್1, ಸೆಪ್ಟಿನ್1 ಎಂದು ಹೆಸರು ತಿದ್ದುವುದೇ ವಾಸಿ ಎಂದರು. ಎಕ್ಸೆಲ್‌ನಲ್ಲಿ ಈ ಚಪಲವನ್ನು ಆಫ್ ಮಾಡುವ ಆಯ್ಕೆ ಎಲ್ಲರಿಗೂ ಬಂದದ್ದು 2023ರಲ್ಲಿ.

ಕನ್ನಡಿಗರಿಗೆ ಪ್ರತ್ಯೇಕ ಪ್ರಸಾದವಿದೆ. ಕನ್ನಡದ ಹೆಸರುಗಳಿರುವ ಹಾಳೆಯನ್ನು ಮಾಮೂಲಿ ಸಿಎಸ್‌ವಿ ಎಂದು ಸೇವ್ ಮಾಡಿದರೆ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತವೆ. ರಂಗಪ್ಪ ಆರು ಪ್ರಶ್ನೆ, ಲಿಂಗಪ್ಪ ಏಳು, ತಿಮ್ಮಪ್ಪ ಎಂಟು. ಹಳೇ ನುಡಿ ಫಾಂಟಿನಲ್ಲಿ ಟೈಪಿಸಿದ್ದಾದರೆ ಹಾಳೆಯ ಮೇಲೆ ಮುದ್ದಾದ ಕನ್ನಡ, ಡೇಟಾಬೇಸಿನೊಳಗೆ ಯುರೋಪಿನ ಯಾವುದೋ ಮೂಲೆಯ ಅಕ್ಷರಮಾಲೆ. ಯೂನಿಕೋಡ್ ಬಳಸಿ ಗೆದ್ದೆವೆಂದುಕೊಂಡರೆ ಅಲ್ಲೂ ಒಂದು ಗುಂಡಿ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು. ಒರಾಕಲ್‌ನಲ್ಲಿ ಹೆಸರಿಗೆ 20 ಎಂದು ಬರೆದರೆ, ಬೇರೆ ಹೇಳದ ಹೊರತು, ಅದು 20 ಬೈಟು. ರಂಗಪ್ಪನಿಗೆ 18 ಸಾಕು, ಒಳಗೆ ಹೋದ. ಲಿಂಗಪ್ಪನಿಗೆ 21 ಬೇಕು, ಬಾಗಿಲಲ್ಲೇ ನಿಂತ. ಇಲ್ಲಿ ಒರಾಕಲ್ ನುಂಗಲಿಲ್ಲ, ಹೆಸರು ದೊಡ್ಡದಾಯಿತೆಂದು ನೇರವಾಗಿ ಹೇಳಿತು. ಕಾಲಂ ಅಗಲ ಮಾಡಲು ಕಡತ ಮೇಲೆ ಹೋಗಿ ಬರಬೇಕು. ಲಿಂಗಪ್ಪನ ಒತ್ತಕ್ಷರ ಕಿತ್ತು ಲಿಂಗಪ ಮಾಡಿದರೆ 15 ಬೈಟಿಗೆ ಕೆಲಸ ಮುಗಿಯುತ್ತದೆ. ಮುಗಿಸಿದರು.

ಇಷ್ಟೆಲ್ಲ ನೋಡಿದ ಮೇಲೆ, ಮುಂದೆ ಯಾರಾದರೂ ಆಮದು ತಂತ್ರಾಂಶ ಕೊಳ್ಳುವುದಾದರೆ ಅನುಕೂಲವಾಗಲಿ ಎಂದು ಷರತ್ತುಗಳನ್ನು ನಾನೇ ಕರಡು ಮಾಡಿಟ್ಟಿದ್ದೇನೆ. ಬೇಕಾದವರು ಮೊಹರು ಒತ್ತಿಕೊಳ್ಳಬಹುದು.

'ಸದರಿ ತಂತ್ರಾಂಶವು ಯಾವುದೇ ಸಂದರ್ಭದಲ್ಲಿ ಬಳಕೆದಾರರನ್ನು ಪ್ರಶ್ನಿಸತಕ್ಕದ್ದಲ್ಲ. ಆಮದು ಪ್ರಕ್ರಿಯೆಯು ಕಚೇರಿ ವೇಳೆಯೊಳಗೆ ಯಶಸ್ವಿಯಾಗಿ ಪೂರ್ಣಗೊಂಡಿರುವುದಾಗಿ ತೋರಿಸತಕ್ಕದ್ದು. ಬಣ್ಣಗಳ ಅರ್ಥವನ್ನು ತಂತ್ರಾಂಶವೇ ಗ್ರಹಿಸಿಕೊಳ್ಳತಕ್ಕದ್ದು. ಒಟ್ಟು ಎಂಬ ಹೆಸರಿನ ಹಿಡುವಳಿದಾರರಿಗೆ ನೋಟಿಸು ಜಾರಿ ಮಾಡಿದ್ದು, ಅವರ ಉತ್ತರ ಬರುವವರೆಗೆ ಸದರಿಯವರ ಹೆಸರನ್ನು ಉಳಿಸಿಕೊಳ್ಳತಕ್ಕದ್ದು. ತಿರಸ್ಕೃತಗೊಂಡ ಸಾಲುಗಳೇನಾದರೂ ಇದ್ದಲ್ಲಿ ಅವುಗಳ ಪಟ್ಟಿಯನ್ನು ಶಾಖೆಯ ಗಣಕದಲ್ಲಿ ತೆರೆಯಲು ಅನುವಾಗುವಂತೆ ಹಳೇ ಎಕ್ಸೆಲ್ ನಮೂನೆಯಲ್ಲೇ ಸಲ್ಲಿಸತಕ್ಕದ್ದು. ಸದರಿ ಪಟ್ಟಿಯು 65,536 ಸಾಲುಗಳನ್ನು ಮೀರಿದಲ್ಲಿ, ಮೀರದಂತೆ ನೋಡಿಕೊಳ್ಳತಕ್ಕದ್ದು.'